ಸೊಂಟ ಗುಣವಾಯಿತೆಂದು ಹೇಳಬೇಕಾದವರು ಯಾರು?

ಸೊಂಟನೋವು ಗುಣವಾಯಿತೆಂದು ತೀರ್ಮಾನಿಸುವ ಅಧಿಕಾರ ಬಹುಕಾಲ ವೈದ್ಯರ ಕೈಯಲ್ಲೇ ಇತ್ತು. 1937ರಲ್ಲಿ ಜರ್ಮನಿಯ ಪಾಲ್ ಶೋಬರ್ ಬೆನ್ನಿನ ಕೆಳಭಾಗದಲ್ಲಿ 10 ಸೆಂ.ಮೀ. ಅಂತರಕ್ಕೆ ಎರಡು ಗುರುತು ಹಾಕಿ, ರೋಗಿ ಮುಂದಕ್ಕೆ ಬಗ್ಗಿದಾಗ ಆ ಅಂತರ ಎಷ್ಟು ಹಿಗ್ಗುತ್ತದೆಂದು ಅಳೆಯುವ ಕ್ರಮ ತಂದರು. ಹಾಗೆ ಅಳೆಯುವ ಟೇಪು ಫಿಸಿಯೋಥೆರಪಿಸ್ಟ್ ಆದ ನನ್ನ ಮೇಜಿನ ಮೇಲೆ ಇವತ್ತಿಗೂ ಇದೆ. ಆದರೆ ಚೆನ್ನಾಗಿ ಬಗ್ಗುವವರೂ ರಾತ್ರಿಯಿಡೀ ನರಳುವುದನ್ನು ನಾನು ನೋಡಿದ್ದೇನೆ.

ರೋಗಿಯ ಮಾತಿಗೇ ಅಂಕ ಕೊಡುವ ಪದ್ಧತಿ ಗಟ್ಟಿಯಾದದ್ದು ಇಂಗ್ಲೆಂಡಿನಲ್ಲಿ. 1980ರಲ್ಲಿ ಹತ್ತು ವಿಭಾಗಗಳ ಆಸ್ವೆಸ್ಟ್ರಿ ಪ್ರಶ್ನಾವಳಿ ಪ್ರಕಟವಾಯಿತು. 1983ರಲ್ಲಿ ರೋಲಂಡ್ ಮತ್ತು ಮಾರಿಸ್ ಅವರ 24 ವಾಕ್ಯಗಳ ಪಟ್ಟಿ ಬಂತು. ಇವುಗಳಲ್ಲಿನ ಪ್ರಶ್ನೆ ಇಂಥದ್ದು: ಬಟ್ಟೆ ಹಾಕಿಕೊಳ್ಳಲು, ಮೆಟ್ಟಿಲು ಹತ್ತಲು, ನಿದ್ದೆ ಮಾಡಲು ಆಗುತ್ತದೆಯೇ? ನಮ್ಮ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲವೆಂದೇ ನನ್ನ ನಂಬಿಕೆ.

ಧಾರವಾಡದವಳಾದ ನಾನು ಫಿಸಿಯೋಥೆರಪಿ ಮಾಡುವುದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ. ಇಲ್ಲಿನ ಸೆಕ್ಟರ್ ಐದರ ಕಂಪ್ಯೂಟರ್ ಕಚೇರಿಗಳಿಂದ ಹುಡುಗರು ಬರುತ್ತಾರೆ. ಕ್ಯಾನಿಂಗ್ ಕಡೆಯ ಲೋಕಲ್ ರೈಲಿನಲ್ಲಿ ಬಂದು ನಾಲ್ಕಾರು ಮನೆಗಳಲ್ಲಿ ದುಡಿಯುವ ಹೆಂಗಸರೂ ಬರುತ್ತಾರೆ. ಆಸ್ವೆಸ್ಟ್ರಿಯಲ್ಲಿ ಕೂರುವುದೆಂದರೆ ಕುರ್ಚಿಯಲ್ಲಿ ಕೂರುವುದು. ಈ ಹೆಂಗಸರು ಕೇಳುವುದು ಬೇರೆ: "ದೀದಿ, ಕುಕ್ಕರಗಾಲಲ್ಲಿ ಕೂತು ನೆಲ ಒರೆಸಬಹುದಾ? ಕೂತಲ್ಲಿಂದ ಗೋಡೆ ಹಿಡಿಯದೆ ಏಳಬಹುದಾ?" ಅದಕ್ಕೆ ಆ ಹಾಳೆಯಲ್ಲಿ ಜಾಗವೇ ಇಲ್ಲ. ಹುಡುಗನಿಗೂ ಇವರಿಗೂ ಒಂದೇ ಅಂಕ ಬಂದರೂ, ಅವನು ಮರುದಿನವೇ ಕೆಲಸಕ್ಕೆ ಹೋಗುತ್ತಾನೆ. ಇವರ ಕೂಲಿ ಹೋಗುತ್ತದೆ.

ಚಿಕಿತ್ಸೆಗೆ ಬರುವುದು ನಿಂತರೆ ಗುಣವಾದಂತೆ ಎಂಬ ಲೆಕ್ಕವೂ ಸುಳ್ಳಾಗಿದೆ. 1998ರಲ್ಲಿ ಪ್ರಕಟವಾದ ಮ್ಯಾಂಚೆಸ್ಟರಿನ ಒಂದು ಅಧ್ಯಯನದಲ್ಲಿ ಹೆಚ್ಚಿನವರು ಮೂರು ತಿಂಗಳೊಳಗೆ ವೈದ್ಯರ ಬಳಿ ಹೋಗುವುದನ್ನು ಬಿಟ್ಟಿದ್ದರು. ವರ್ಷ ಕಳೆದ ಮೇಲೂ ಪೂರ್ತಿ ಚೇತರಿಸಿಕೊಂಡವರು ಕಾಲುಭಾಗ ಮಾತ್ರ. ಚೇತರಿಕೆಯೆಂದರೇನು ಎಂಬುದರಲ್ಲೂ ಒಮ್ಮತವಿರಲಿಲ್ಲ: 2011ರಲ್ಲಿ ಸೊಂಟನೋವಿನ 82 ಅಧ್ಯಯನಗಳನ್ನು ಜೋಡಿಸಿ ನೋಡಿದಾಗ ಚೇತರಿಕೆಗೆ 66 ಬಗೆಯ ಅಳತೆಗಳು ಸಿಕ್ಕವು.

ಸೊಂಟನೋವೆಂದು ಚಿಕಿತ್ಸೆಗೆ ಹೋಗುವವರಲ್ಲಿ ನನ್ನದೊಂದು ಕೋರಿಕೆ. ನೋವು ಹತ್ತಕ್ಕೆ ಎಷ್ಟು ಎಂದು ಕೇಳಿದಾಗ ಅಂಕಿ ಹೇಳಿ ಸುಮ್ಮನಾಗಬೇಡಿ. ಯಾವ ಕೆಲಸಕ್ಕೆ ಮರಳಬೇಕಾಗಿದೆ ಎಂಬುದನ್ನೂ ಹೇಳಿ, ಮೊದಲ ದಿನವೇ ಚೀಟಿಯಲ್ಲಿ ಬರೆಸಿಕೊಳ್ಳಿ.