ಆಡುವವಳು ಆಡಿಸುವವಳಾದಾಗ

ಚೆನ್ನಾಗಿ ಹಾಡುವವರೆಲ್ಲ ಚೆನ್ನಾಗಿ ಸಂಗೀತ ಹೇಳಿಕೊಡಬಲ್ಲರು ಎನ್ನುವ ಹಾಗಿಲ್ಲ. ಕೈರುಚಿಗೆ ಹೆಸರಾದ ಅತ್ತೆಯವರು ಸೊಸೆಗೆ ಅಡಿಗೆ ಕಲಿಸಲು ನಿಂತರೆ, ಐದೇ ನಿಮಿಷದಲ್ಲಿ ಸೌಟನ್ನು ತಾವೇ ಕಿತ್ತುಕೊಂಡಿರುತ್ತಾರೆ. ಬಲ್ಲವರಿಗೆ ಪಕ್ಕದಲ್ಲಿ ಸುಮ್ಮನೆ ನಿಲ್ಲುವುದೇ ದೊಡ್ಡ ಶಿಕ್ಷೆ. ಮೇಷ್ಟರ ಕೆಲಸದ ನಿಜವಾದ ಕಷ್ಟ ಇರುವುದು ಇಲ್ಲಿಯೇ ಎಂದು ಇಷ್ಟು ವರ್ಷ ಪಾಠ ಹೇಳಿದ ಮೇಲೆ ನನಗೆ ಅನ್ನಿಸಿದೆ. ಈ ಕಷ್ಟವನ್ನು ಇಡೀ ದೇಶದ ಕಣ್ಣೆದುರಿನಲ್ಲಿ ಅನುಭವಿಸಿದ ಹೆಣ್ಣುಮಗಳೊಬ್ಬಳ ಕಥೆ ಹೇಳುತ್ತೇನೆ. ಆಕೆಯ ಹೆಸರು ಏಪ್ರಿಲ್ ಹೈನ್ರಿಕ್ಸ್. ಅಮೆರಿಕದವಳು. ನಾವು ಫುಟ್‌ಬಾಲ್ ಎನ್ನುವ ಆಟವನ್ನು ಅವರು ಸಾಕರ್ ಎನ್ನುತ್ತಾರೆ.

ಏಪ್ರಿಲ್ ಹುಟ್ಟಿದ್ದು 1964ರಲ್ಲಿ, ಕೊಲರಾಡೊ ರಾಜ್ಯದ ಡೆನ್ವರ್ ನಗರದಲ್ಲಿ. ಆಕೆಗೆ ಎಂಟು ವರ್ಷವಾಗಿದ್ದಾಗ, 1972ರಲ್ಲಿ, ಅಮೆರಿಕದಲ್ಲಿ 'ಟೈಟಲ್ ನೈನ್' ಎಂಬ ಕಾನೂನು ಬಂತು. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಗಂಡು ಹೆಣ್ಣೆಂದು ಭೇದ ಮಾಡಕೂಡದು ಎಂಬುದು ಅದರ ಸಾರ. ಅದರ ಮೂಲವಾಕ್ಯದಲ್ಲಿ ಆಟದ ಮಾತೇ ಇಲ್ಲ. ಆದರೂ ಅದರಿಂದಾಗಿ ಶಾಲಾಕಾಲೇಜುಗಳ ಆಟದ ಮೈದಾನಗಳು ಹುಡುಗಿಯರಿಗೂ ತೆರೆದುಕೊಂಡವು. ಅಮೆರಿಕದ ಹೆಂಗಸರು ಹುಟ್ಟಿನಿಂದಲೇ ಗಟ್ಟಿಗಿತ್ತಿಯರು ಎಂದು ನಾವು ಭಾವಿಸುವುದುಂಟು. ಹಾಗೇನೂ ಅಲ್ಲ. ಅಲ್ಲಿಯೂ ಯಾರೋ ಕೇಳಿದರು, ಯಾರೋ ಕಾನೂನು ಬರೆದರು, ಆಮೇಲೆ ಹುಡುಗಿಯರು ಓಡಿದರು.

ಹಾಗೆ ಓಡಿದವರಲ್ಲಿ ಏಪ್ರಿಲ್ ಒಬ್ಬಳು. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಆನ್ಸನ್ ಡೊರನ್ಸ್ ಎಂಬ ಗುರುವಿನ ಕೈಕೆಳಗೆ ಪಳಗಿ, 1983ರಿಂದ 1986ರೊಳಗೆ ಮೂರು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡದಲ್ಲಿ ಆಡಿದಳು. ಅಮೆರಿಕದ ಮಹಿಳಾ ತಂಡ ಮೊದಲ ಅಂತಾರಾಷ್ಟ್ರೀಯ ಪಂದ್ಯ ಆಡಿದ್ದು 1985ರಲ್ಲಿ. ಮರುವರ್ಷವೇ ಈಕೆ ಆ ತಂಡ ಸೇರಿದಳು.

1991ರಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ಚೀನಾದಲ್ಲಿ ನಡೆಯಿತು. ಗಂಡಸರ ಪಂದ್ಯ 90 ನಿಮಿಷವಾದರೆ, ಇವರಿಗೆ ಕೊಟ್ಟದ್ದು 80 ನಿಮಿಷ. ಉಳಿದ ಹತ್ತು ನಿಮಿಷ ಹೆಂಗಸರು ಏನು ಮಾಡುತ್ತಾರೆಂದುಕೊಂಡಿದ್ದರೋ ಕಾಣೆ! ಅಮೆರಿಕದ ನಾಯಕಿ ಏಪ್ರಿಲ್. ಆಕೆ, ಮಿಷೆಲ್ ಏಕರ್ಸ್ ಮತ್ತು ಕ್ಯಾರಿನ್ ಜೆನ್ನಿಂಗ್ಸ್ ಮೂವರೂ ಮುನ್ನುಗ್ಗಿ ಗೋಲು ಹೊಡೆಯುವವರು. ಚೀನಾದ ಪತ್ರಿಕೆಗಳು ಇವರನ್ನು ಮೂರಲಗಿನ ಕತ್ತಿ ಎಂದು ಕರೆದವು. ತಂಡ ಹೊಡೆದ 25 ಗೋಲುಗಳಲ್ಲಿ 20 ಈ ಮೂವರವೇ. ಸೆಮಿಫೈನಲ್‌ನಲ್ಲಿ ಜರ್ಮನಿಯನ್ನು 5-2ರಿಂದ ಸೋಲಿಸಿದಾಗ ಎರಡು ಗೋಲು ಏಪ್ರಿಲ್‌ಳದು. ಫೈನಲ್‌ನಲ್ಲಿ ನಾರ್ವೆಯನ್ನು 2-1ರಿಂದ ಸೋಲಿಸಿ ಕಪ್ಪನ್ನು ಎತ್ತಿ ಹಿಡಿದಳು.

ಅಲ್ಲಿಗೆ ಆಟ ಮುಗಿಯಿತು. ಮೊಣಕಾಲು ಕೈಕೊಟ್ಟಿತ್ತು, ವಯಸ್ಸು ಬರೀ 27. ಆದರೆ ಆಕೆ ಆಡುತ್ತಿದ್ದಾಗಲೇ ಕಲಿಸುವ ಕೆಲಸಕ್ಕೂ ಕೈ ಹಾಕಿದ್ದಳು. ಪ್ರಿನ್ಸ್‌ಟನ್, ಮೇರಿಲ್ಯಾಂಡ್, ಆಮೇಲೆ ವರ್ಜೀನಿಯಾ ವಿಶ್ವವಿದ್ಯಾಲಯಗಳ ಹುಡುಗಿಯರಿಗೆ ಕೋಚ್ ಆದಳು. ಒಲಿಂಪಿಕ್ಸ್‌ನಲ್ಲಿ ಮಹಿಳಾ ಫುಟ್‌ಬಾಲ್ ಮೊದಲ ಸಲ ನಡೆದದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. ಅಲ್ಲಿ ಚಿನ್ನ ಗೆದ್ದ ತಂಡಕ್ಕೆ ಈಕೆ ಸಹಾಯಕ ಕೋಚ್. 1998ರಲ್ಲಿ ಅಮೆರಿಕದ ಸಾಕರ್ 'ಹಾಲ್ ಆಫ್ ಫೇಮ್'ಗೆ ಸೇರಿದ ಮೊದಲ ಆಟಗಾರ್ತಿಯಾದಳು.

2000ದ ಜನವರಿಯಲ್ಲಿ ರಾಷ್ಟ್ರೀಯ ತಂಡದ ಮುಖ್ಯ ಕೋಚ್ ಆದಳು. ಆ ಜಾಗಕ್ಕೆ ಬಂದ ಮೊದಲ ಹೆಂಗಸು ಆಕೆ. ಬಂದ ಹೊತ್ತು ಎಂಥದ್ದು ನೋಡಿ. ಹಿಂದಿನ ವರ್ಷವಷ್ಟೇ ಟೋನಿ ಡಿಚಿಕೊ ಅವರ ತರಬೇತಿಯಲ್ಲಿ ಅದೇ ತಂಡ, 90,185 ಜನರ ಎದುರು ಚೀನಾವನ್ನು ಸೋಲಿಸಿ ವಿಶ್ವಕಪ್ ಗೆದ್ದಿತ್ತು. ಗೆದ್ದವರ ಜಾಗದಲ್ಲಿ ಕೂರುವವರಿಗೆ ಮೆಚ್ಚುಗೆ ಕಡಿಮೆ, ಹೋಲಿಕೆಯೇ ಹೆಚ್ಚು. ಅದರ ಮೇಲೆ, ಮಿಯಾ ಹ್ಯಾಮ್, ಕ್ರಿಸ್ಟೀನ್ ಲಿಲ್ಲಿ, ಜೂಲಿ ಫೌಡಿ, ಜಾಯ್ ಫಾಸೆಟ್ ಎಲ್ಲ 1991ರಲ್ಲಿ ಏಪ್ರಿಲ್‌ಳ ಜೊತೆಗೇ ಆಡಿದವರು. ಸ್ಟಾಫ್ ರೂಮಿನಲ್ಲಿ ನಮ್ಮೊಂದಿಗೆ ಊಟದ ಡಬ್ಬಿ ಬಿಚ್ಚುತ್ತಿದ್ದವಳು ಹೆಡ್‌ಮಿಸ್ ಆಗಿ ಬಂದರೆ ಏನಾಗುತ್ತದೆಂದು ಉದ್ಯೋಗಸ್ಥ ಹೆಣ್ಣುಮಕ್ಕಳಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಿಗಿಯಾದರೆ ಅಹಂಕಾರಿ, ಸಡಿಲವಾದರೆ ಕೈಲಾಗದವಳು.

ಅದೇ ವರ್ಷ ಸಿಡ್ನಿ ಒಲಿಂಪಿಕ್ಸ್‌ನ ಫೈನಲ್ ಹೆಚ್ಚುವರಿ ಸಮಯಕ್ಕೆ ಹೋಗಿ, ನಾರ್ವೆ 3-2ರಿಂದ ಗೆದ್ದಿತು. ಅಮೆರಿಕಕ್ಕೆ ಬೆಳ್ಳಿ. 2003ರ ವಿಶ್ವಕಪ್ ಸ್ವದೇಶದಲ್ಲೇ ನಡೆದರೂ, ಸೆಮಿಫೈನಲ್‌ನಲ್ಲಿ ಜರ್ಮನಿಗೆ 3-0ರಿಂದ ಸೋತು ಮೂರನೆಯ ಸ್ಥಾನ. ಬೇರೆ ದೇಶವಾದರೆ ಮೆರವಣಿಗೆ ಮಾಡುತ್ತಿದ್ದರು. ಸದಾ ಮೊದಲ ರ‍್ಯಾಂಕ್ ತರುವ ಮಗು ಮೂರನೆಯದಾದರೆ ಮನೆಯಲ್ಲಿ ಏನಾಗುತ್ತದೋ, ಅಲ್ಲಿಯೂ ಅದೇ ಆಯಿತು.

ಆದರೆ ಈ ಗಲಾಟೆಯ ನಡುವೆಯೇ ಆಕೆ ಒಂದು ಕೆಲಸ ಮಾಡುತ್ತಿದ್ದಳು. ಹಿರಿಯರನ್ನು ಬಿಡದೆಯೇ ಎಳೆಯರನ್ನು ತಂಡಕ್ಕೆ ತರುತ್ತಿದ್ದಳು. ಆ್ಯಬಿ ವಾಂಬಾಕ್, ಹೆದರ್ ಓ'ರೈಲಿ, ಲಿಂಡ್ಸೆ ಟಾರ್ಪ್ಲಿ ಈ ಮೂವರೂ ಆಕೆಯ ಕಾಲದಲ್ಲೇ ದೇಶದ ಅಂಗಿ ತೊಟ್ಟವರು. ಅದರ ಫಲ ಕಂಡದ್ದು 2004ರಲ್ಲಿ, ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ. ಸೆಮಿಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಮಿಯಾ ಹ್ಯಾಮ್ ಕೊಟ್ಟ ಚೆಂಡನ್ನು 19 ವರ್ಷದ ಓ'ರೈಲಿ ಗೋಲಿಗೆ ಹಾಕಿ ಜರ್ಮನಿಯನ್ನು ಸೋಲಿಸಿದಳು. ಬ್ರೆಜಿಲ್ ಎದುರಿನ ಫೈನಲ್‌ನಲ್ಲಿ ಮೊದಲ ಗೋಲು 20 ವರ್ಷದ ಟಾರ್ಪ್ಲಿಯದು. ಮತ್ತೆ ಹೆಚ್ಚುವರಿ ಸಮಯ. 112ನೆಯ ನಿಮಿಷದಲ್ಲಿ ಲಿಲ್ಲಿ ಮೂಲೆಯಿಂದ ಒದ್ದ ಚೆಂಡಿಗೆ ವಾಂಬಾಕ್ ತಲೆ ಕೊಟ್ಟಳು. 2-1. ಚಿನ್ನ!

ಚೆಂಡು ಕೊಟ್ಟವರು ಹಿರಿಯರು, ಗೋಲು ಹೊಡೆದವರು ಕಿರಿಯರು. ಆಡಿಸುವವರ ಕೆಲಸ ಎಂದರೆ ಇದೇ ಅಲ್ಲವೆ? ಒಂದು ತಲೆಮಾರು ಬಲ್ಲದ್ದನ್ನು ಇನ್ನೊಂದರ ಕಾಲಿಗೆ ತಲುಪಿಸುವುದು. ಆ ಗೋಲಿನ ಲೆಕ್ಕದಲ್ಲಿ ಕೋಚ್‌ಳ ಹೆಸರು ಬರೆಯುವ ಕಾಲಂ ಇರುವುದಿಲ್ಲ.

ಆರು ತಿಂಗಳೊಳಗೆ, 2005ರ ಫೆಬ್ರುವರಿಯಲ್ಲಿ, ಏಪ್ರಿಲ್ ಆ ಹುದ್ದೆಗೆ ರಾಜೀನಾಮೆ ಕೊಟ್ಟಳು. 124 ಪಂದ್ಯಗಳಲ್ಲಿ 87 ಗೆಲುವು, 17 ಸೋಲು, 20 ಡ್ರಾ ಆಕೆಯ ಲೆಕ್ಕ. ಗೆದ್ದವರೆಲ್ಲ ಮೆಚ್ಚಿನವರಾಗುವುದಿಲ್ಲ. ಆದರೆ ಆಕೆ ಆಟ ಬಿಟ್ಟು ಮನೆಯಲ್ಲಿ ಕೂರಲಿಲ್ಲ. 2011ರಿಂದ 2018ರವರೆಗೆ ಅಮೆರಿಕದ ಮಹಿಳಾ ಫುಟ್‌ಬಾಲ್‌ಗೆ ತಾಂತ್ರಿಕ ನಿರ್ದೇಶಕಿಯಾಗಿ, ಇನ್ನೂ ಬೆಳೆಯುವ ಹುಡುಗಿಯರ ತಂಡಗಳ ಕಡೆ ಗಮನ ಕೊಟ್ಟಳು. ಕ್ಯಾಮೆರಾ ಹೆಚ್ಚಾಗಿ ಸುಳಿಯದ ಕೆಲಸ ಅದು.

ಆಕೆಯ ನಂತರ ಅದೇ ಹುದ್ದೆಯಲ್ಲಿ ಪಿಯಾ ಸುಂಢಗೆ 2008 ಮತ್ತು 2012ರ ಒಲಿಂಪಿಕ್ಸ್ ಗೆಲ್ಲಿಸಿದರು, ಜಿಲ್ ಎಲಿಸ್ 2015 ಮತ್ತು 2019ರ ವಿಶ್ವಕಪ್ ಗೆಲ್ಲಿಸಿದರು, ಎಮ್ಮಾ ಹೇಯ್ಸ್ 2024ರಲ್ಲಿ ಪ್ಯಾರಿಸ್‌ನಿಂದ ಚಿನ್ನ ತಂದರು. ಇವರೆಲ್ಲ ಹೆಂಗಸರೇ. 'ಹೆಂಗಸಿನ ಕೈಯಲ್ಲಿ ಆಗುತ್ತದೆಯೇ' ಎಂಬ ಪ್ರಶ್ನೆಗೆ ಇವರು ಹೊಸದಾಗಿ ಉತ್ತರ ಹೇಳಬೇಕಾಗಿ ಬರಲಿಲ್ಲ. ಅದನ್ನು ಮೊದಲು ಬಂದವಳು ಹೇಳಿಯಾಗಿತ್ತು. ಮೊದಲು ಹೋದವರ ಕಾಲಿಗೇ ಮುಳ್ಳು ಹೆಚ್ಚು ಚುಚ್ಚುವುದು. ದಾರಿ ಸವೆಯುವುದೂ ಅವರಿಂದಲೇ.