ಸೆಲೆಬೆಸ್ ಆನೆ (ವರ್ಣಚಿತ್ರ)

ಸೆಲೆಬೆಸ್ ಆನೆಯು ಜರ್ಮನ್ ಮೂಲದ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ (1891–1976) 1921ರಲ್ಲಿ ಕಲೋನ್ ನಗರದಲ್ಲಿ ರಚಿಸಿದ ತೈಲವರ್ಣಚಿತ್ರ. ಸುಮಾರು 125 ಸೆಂ.ಮೀ. ಎತ್ತರ ಹಾಗೂ 108 ಸೆಂ.ಮೀ. ಅಗಲವಿರುವ ಈ ಕೃತಿ ದಾದಾ ಪಂಥದ ಅಸಂಗತತೆಯಿಂದ ಅತಿವಾಸ್ತವವಾದದ ಸ್ವಪ್ನಲೋಕಕ್ಕೆ ದಾಟುವ ಘಟ್ಟದ ಪ್ರಮುಖ ಚಿತ್ರವೆಂದು ಪರಿಗಣಿತವಾಗಿದೆ.

ಚಿತ್ರದ ವಿವರ

ಬರಿದಾದ ಬಯಲಿನಲ್ಲಿ ಬೂದುಬಣ್ಣದ ದುಂಡನೆಯ ಭಾರಿ ಆಕೃತಿಯೊಂದು ನಿಂತಿದೆ. ದಪ್ಪ ಕಾಲುಗಳೂ ಕೊಳವೆಯಂತೆ ಬಾಗಿದ ಸೊಂಡಿಲೂ ಇರುವುದರಿಂದ ಅದು ಆನೆಯೆನಿಸುತ್ತದೆ. ಆದರೆ ಸೊಂಡಿಲ ತುದಿಯಲ್ಲಿರುವುದು ಕೊಂಬುಳ್ಳ ಗೂಳಿಯ ತಲೆ. ದಂತಗಳು ಹಿಂಬದಿಯಲ್ಲಿ ಕಾಣುವುದರಿಂದ ಪ್ರಾಣಿಯ ಮುಖ ಯಾವ ಕಡೆಗಿದೆ ಎಂಬುದೇ ತೀರ್ಮಾನವಾಗುವುದಿಲ್ಲ. ಬಲಗಡೆ ತಲೆಯಿಲ್ಲದ ನಗ್ನ ಸ್ತ್ರೀ ಆಕೃತಿಯೊಂದು ಕೈಗವಸು ತೊಟ್ಟ ಕೈಯನ್ನು ಎತ್ತಿದೆ. ಆಕಾಶದಲ್ಲಿ ಮೀನುಗಳು ಈಜುತ್ತಿವೆ. ಅಲ್ಲಿಯೇ, ಗುಂಡೇಟು ತಿಂದ ವಿಮಾನವೊಂದು ಬಿಟ್ಟುಹೋದಂತಹ ಹೊಗೆಯ ಜಾಡೂ ಇದೆ.

ಕಣಜ ಮತ್ತು ಯುದ್ಧ

ಆನೆಯ ದೇಹದ ಮೂಲ ಒಂದು ಕಣಜ. ಆಫ್ರಿಕಾದ ಕೊಂಕೊಂಬ ಜನರು ಧಾನ್ಯ ತುಂಬಿಡಲು ಬಳಸುತ್ತಿದ್ದ ಮಣ್ಣಿನ ಕಣಜದ ಛಾಯಾಚಿತ್ರವನ್ನು ಅರ್ನ್ಸ್ಟ್ ಇಂಗ್ಲಿಷ್ ಮಾನವಶಾಸ್ತ್ರ ಪತ್ರಿಕೆಯೊಂದರಲ್ಲಿ ಕಂಡಿದ್ದರು. ಭತ್ತದ ಕಣಜವೆಂದೇ ಹೆಸರಾದ ಸಿರುಗುಪ್ಪದಂತಹ ಸೀಮೆಯಲ್ಲಿ ಈ ಪದಕ್ಕೆ ಸಮೃದ್ಧಿಯ ಅರ್ಥವಿದೆ. ಚಿತ್ರದಲ್ಲಿ ಮಾತ್ರ ಅನ್ನದ ಆ ಪಾತ್ರೆಯೇ ಯುದ್ಧಟ್ಯಾಂಕನ್ನು ನೆನಪಿಸುವ ಯಂತ್ರಮೃಗವಾಗಿದೆ. ಅರ್ನ್ಸ್ಟ್ ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಫಿರಂಗಿ ದಳದಲ್ಲಿದ್ದವರು. 1914ರ ಆಗಸ್ಟ್ 1ರಂದು ತಾನು ಸತ್ತು 1918ರ ನವೆಂಬರ್ 11ರಂದು ಮತ್ತೆ ಬದುಕಿದೆನೆಂದು ಅವರು ತಮ್ಮ ಬಗ್ಗೆ ಬರೆದುಕೊಂಡಿದ್ದಾರೆ. ಆದ್ದರಿಂದ ಇಲ್ಲಿನ ಅಸಂಗತತೆಯನ್ನು ಬರಿಯ ತಮಾಷೆಯೆಂದು ಓದುವುದು ಕಷ್ಟ.

ಶೀರ್ಷಿಕೆ ಮಾತ್ರ ತಮಾಷೆಯಿಂದಲೇ ಬಂದದ್ದು: ಜರ್ಮನ್ ಶಾಲಾ ಹುಡುಗರ ಪೋಲಿ ಪ್ರಾಸವೊಂದರಿಂದ. ಸೆಲೆಬೆಸ್ ಎಂಬುದು ಇಂಡೋನೇಷ್ಯಾದ ಸುಲವೆಸಿ ದ್ವೀಪದ ಹಳೆಯ ಹೆಸರು.

ಸಂಬಂಧವಿಲ್ಲದ ವಸ್ತುಗಳನ್ನು ಒಂದೆಡೆ ಸೇರಿಸುವ ಕೊಲಾಜ್ ವಿಧಾನವನ್ನು ಇಲ್ಲಿ ಕಾಗದ ಅಂಟಿಸದೆ, ಬಣ್ಣದಲ್ಲಿಯೇ ಸಾಧಿಸಲಾಗಿದೆ. ನಿರ್ಜನ ಬಯಲು ಮತ್ತು ಗೊಂಬೆಯಂತಹ ಸ್ತ್ರೀಯಲ್ಲಿ ಇಟಲಿಯ ಜಾರ್ಜೊ ದೆ ಕಿರಿಕೊ ಅವರ ಪ್ರಭಾವ ಕಾಣುತ್ತದೆ. ಹಲವು ಪ್ರಾಣಿಗಳ ಅಂಗಗಳು ಕೂಡಿದ ಮಕರವನ್ನು ಹೊಯ್ಸಳ ದೇಗುಲಗಳ ಪಟ್ಟಿಕೆಗಳಲ್ಲಿ ನೋಡಿದವರಿಗೆ ಸಂಕರಪ್ರಾಣಿ ಹೊಸದೇನಲ್ಲ. ಆದರೆ ಮಕರಕ್ಕೆ ಸಂಪ್ರದಾಯದಲ್ಲಿ ಗೊತ್ತಾದ ಸ್ಥಾನವಿದೆ, ಈ ಆನೆಗೆ ಅದಿಲ್ಲ.

ಒಡೆತನ

ಫ್ರೆಂಚ್ ಕವಿ ಪಾಲ್ ಎಲುವಾರ್ 1921ರಲ್ಲಿ ಕಲೋನ್‌ಗೆ ಭೇಟಿಯಿತ್ತಾಗ ಚಿತ್ರವನ್ನು ಕೊಂಡು ಪ್ಯಾರಿಸ್‌ಗೆ ಒಯ್ದರು. ಮುಂದೆ ಅದು ಇಂಗ್ಲಿಷ್ ಕಲಾವಿದ ರೋಲಂಡ್ ಪೆನ್‌ರೋಸ್ ಅವರ ಸಂಗ್ರಹ ಸೇರಿತು. 1975ರಿಂದ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ.