ಮನೆಗೆ ಬಂದ ಲೇಸರ್: ರೋಮನಿವಾರಣೆಯ ಹಿನ್ನೆಲೆ

ರೋಮವನ್ನು ಬುಡದಲ್ಲೇ ನಾಶಮಾಡುವ ವೈದ್ಯಕೀಯ ಕ್ರಮಕ್ಕೆ, ಅಮೆರಿಕದ ನೇತ್ರವೈದ್ಯ ಚಾರ್ಲ್ಸ್ ಮೈಕೆಲ್ ಒಳಮುಖವಾಗಿ ಬೆಳೆದ ರೆಪ್ಪೆಗೂದಲಿನ ಬುಡಕ್ಕೆ ಸೂಜಿಯ ಮೂಲಕ ವಿದ್ಯುತ್ ಹರಿಸಿ 1875ರಲ್ಲಿ ನಾಂದಿ ಹಾಡಿದನು. 1920ರ ದಶಕದಲ್ಲಿ ಅಲ್ಲಿನ ಸೌಂದರ್ಯಗೃಹಗಳಲ್ಲಿ ‘ಟ್ರೈಕೊ’ ಎಂಬ ಎಕ್ಸ್-ರೇ ಯಂತ್ರ ನೋವಿಲ್ಲದ ಉಪಾಯವೆಂದು ಪ್ರಚಾರ ಪಡೆದು, ಅದಕ್ಕೆ ಮುಖವೊಡ್ಡಿದ ಅನೇಕ ಸ್ತ್ರೀಯರು ಚರ್ಮದ ಸುಕ್ಕು, ಹುಣ್ಣು, ಕೊನೆಗೆ ಕ್ಯಾನ್ಸರಿಗೂ ತುತ್ತಾದದ್ದು ಈ ಚರಿತ್ರೆಯ ಅತ್ಯಂತ ದಾರುಣ ಅಧ್ಯಾಯ. ಸುರಕ್ಷತೆಯ ವಿಷಯದಲ್ಲಿ ಮಾರುವವರ ಮಾತೊಂದನ್ನೇ ನಂಬಲಾಗದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಎಕ್ಸ್-ರೇಯ ನಂತರ ತೆರೆದದ್ದು ಬೆಳಕಿನ ದಾರಿ. ಸೂಕ್ತ ತರಂಗಾಂತರದ ಬೆಳಕನ್ನು ಚರ್ಮಕ್ಕೆ ಅತ್ಯಲ್ಪ ಕಾಲ ಹಾಯಿಸಿದರೆ ಅದನ್ನು ಹೀರುವ ವರ್ಣದ್ರವ್ಯವಷ್ಟೇ ಕಾದು ಸುತ್ತಲಿನ ಅಂಗಾಂಶ ಉಳಿಯುತ್ತದೆಂದು 1983ರಲ್ಲಿ ಸಂಶೋಧಕರಾದ ಆಂಡರ್ಸನ್ ಮತ್ತು ಪ್ಯಾರಿಶ್ ತೋರಿಸಿದರು. ಕೂದಲಿಗೆ ಕಪ್ಪುಬಣ್ಣ ಕೊಡುವ ಮೆಲನಿನ್ ಎಂಬ ದ್ರವ್ಯವೇ ರೋಮನಿವಾರಣೆಯಲ್ಲಿ ಬೆಳಕಿನ ಗುರಿ. 1990ರ ದಶಕದಲ್ಲಿ ಚಿಕಿತ್ಸಾಲಯಗಳನ್ನು ಸೇರಿದ ಈ ತತ್ತ್ವ, 2008ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ‘ಟ್ರಿಯಾ’ ಎಂಬ ಲೇಸರ್ ಕೈಯಂತ್ರದ ಮೂಲಕ ಮನೆಗೂ ಬಂತು. ಆದರೆ ಮೆಲನಿನ್ ಚರ್ಮದಲ್ಲಿಯೂ ಇರುವುದರಿಂದ ಗಾಢವರ್ಣದ ಚರ್ಮವೇ ಬೆಳಕನ್ನು ಹೀರಿ ಸುಡುವ ಅಪಾಯವುಂಟು. ಆದಕಾರಣ ಈ ಯಂತ್ರ ಮೊದಲು ಚರ್ಮದ ಬಣ್ಣವನ್ನು ಅಳೆಯುತ್ತದೆ, ಅದು ಮಿತಿ ಮೀರಿದ್ದರೆ ಬೆಳಕನ್ನು ಹೊಮ್ಮಿಸುವುದೇ ಇಲ್ಲ. ಕಂದು ಮೈಬಣ್ಣ ಸಾಮಾನ್ಯವಾಗಿರುವ ಕರ್ನಾಟಕದಲ್ಲಿ ಇಂತಹ ಸಾಧನವನ್ನು ಕೊಳ್ಳುವವರು ಬೆಲೆಗಿಂತ ಮೊದಲು ತಯಾರಕರು ಕೊಡುವ ಚರ್ಮವರ್ಣದ ಪಟ್ಟಿಯನ್ನು ನೋಡುವುದು ಅಗತ್ಯ; ನರೆಗೂದಲಿಗಂತೂ, ಬೆಳಕನ್ನು ಹೀರುವ ಬಣ್ಣವೇ ಅದರಲ್ಲಿ ಇಲ್ಲವಾದ್ದರಿಂದ, ಈ ಸಾಧನ ನಿಷ್ಪ್ರಯೋಜಕ.